ತಲೆಯಿಲ್ಲದ ನಮಸ್ಕಾರ

ಭಾನುವಾರ, ಬೆಳಿಗ್ಗೆ ಏಳು ಗಂಟೆ. ಸ್ಥಳ: ಶಿಕಾರಿಪುರದ ನಮ್ಮ ಮನೆಯ ಜಗಲಿ. ಹಾಜರಿದ್ದವರು: ನಿವೃತ್ತ ದೈಹಿಕ ಶಿಕ್ಷಕನಾದ ನಾನು, ನನ್ನ ಹೆಂಡತಿ ಸರೋಜ, ಮತ್ತು ಅವಳ ತಮ್ಮನ ಮಗಳು ಮೇಘನಾ. ಗೈರುಹಾಜರಿ ಇಲ್ಲ.

ಮೇಘನಾ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ. ವಿಷಯ, ರಸ್ತೆ ಬದಿಯ ಫ್ಲೆಕ್ಸುಗಳು. ಹುಟ್ಟುಹಬ್ಬಕ್ಕೆ ಶುಭ ಕೋರುವ, ಹೊಸ ಅಧ್ಯಕ್ಷರಿಗೆ ಸ್ವಾಗತ ಕೋರುವ, ಸತ್ತವರಿಗೆ ಶಾಂತಿ ಕೋರುವ, ಒಟ್ಟಿನಲ್ಲಿ ಸದಾ ಏನನ್ನಾದರೂ ಕೋರುತ್ತಲೇ ಇರುವ ಅದೇ ಫ್ಲೆಕ್ಸುಗಳು. ಅವುಗಳಲ್ಲಿ ಸಿನಿಮಾ ಎಷ್ಟು, ರಾಜಕೀಯ ಎಷ್ಟು, ಜನ ಅವನ್ನು ಹೇಗೆ ಓದಿಕೊಳ್ಳುತ್ತಾರೆ ಎಂದು ಬರೆಯಬೇಕು. ಇದಕ್ಕೂ ಡಾಕ್ಟರೇಟ್ ಕೊಡುತ್ತಾರೆ ಎಂಬುದು ನನಗೆ ಈಚೆಗೆ ತಿಳಿಯಿತು.

ಅವಳ ಮುಖ್ಯ ಅಧ್ಯಾಯದ ಹೆಸರು 'ಮುಗಿದ ಕೈಗಳು'. ಅದು ಸೋಮವಾರ ಬೆಳಿಗ್ಗೆಯೊಳಗೆ ಮಾರ್ಗದರ್ಶಕರಿಗೆ ತಲುಪಬೇಕು. ಈಗಾಗಲೇ ಒಮ್ಮೆ ವಾಯಿದೆ ಕೇಳಿ ಆಗಿದೆ. ಇನ್ನೊಮ್ಮೆ ಕೇಳಿದರೆ ಒಂದು ವರ್ಷ ಹಾಳು.

"ಎಲ್ಲಾ ಬರೆದಾಗಿದೆ ಮಾಮಾ," ಎಂದಳು. "ಕೈಗಳ ಫೋಟೋ ಮಾತ್ರ ಹತ್ತಿರದಿಂದ ಬೇಕಂತೆ. ನಾನು ಬಸ್ಸಿಂದ ತೆಗ್ದಿದ್ದೆಲ್ಲ ಅಲ್ಲಾಡಿದೆ."

"ಕೈಯಲ್ಲಿ ಏನಮ್ಮಾ ಅಂಥ ವಿಶೇಷ?"

"ಅದೇ ನನ್ನ ಶೋಧ. ಪಕ್ಷ ಯಾವುದೇ ಇರಲಿ, ಜಾತಿ ಯಾವುದೇ ಇರಲಿ, ಶಿಕಾರಿಪುರ ಸೊರಬದ ನಾಯಕರೆಲ್ಲ ಒಂದೇ ರೀತಿ ಕೈ ಮುಗೀತಾರೆ. ಕಿರುಬೆರಳು ಸ್ವಲ್ಪ ಹೊರಗೆ. ದುಡಿಮೆಯ ಕೈ ಅಂತ ತೋರಿಸೋಕೆ. ಜೇಬಿಂದ ಒಂದು ಕಪ್ಪು ದಾರ ಇಳಿಬಿದ್ದಿರುತ್ತೆ. ದೃಷ್ಟಿ ದಾರ. ಇದು ಈ ಸೀಮೆಯ ವಿನಯದ ಭಾಷೆ."

ನನಗೆ ನಮ್ಮ ಸೀಮೆಯ ಬಗ್ಗೆ ಹೆಮ್ಮೆಯಾಯಿತು. ಸ್ಕೂಟರ್ ಇದೆ, ದಾರಿ ಗೊತ್ತಿದೆ, ಹತ್ತಿ ನಿಲ್ಲಲು ಮರದ ಸ್ಟೂಲ್ ಇದೆ. ಮಧ್ಯಾಹ್ನದ ಊಟಕ್ಕೆ ವಾಪಸ್ ಬರುತ್ತೇವೆ ಎಂದು ಘೋಷಿಸಿದೆ.

"ಇವರನ್ನ ಕರ್ಕೊಂಡು ಹೊರಟ್ಯಾ? ದೇವರು ಕಾಪಾಡ್ಲಿ," ಎಂದಳು ಸರೋಜ, ಅಕ್ಕಿ ಆರಿಸುತ್ತಾ.

ಹೊರಗೆ ಹೊರಟರೆ ನನ್ನ ಸಮವಸ್ತ್ರ ಬದಲಾಗುವುದಿಲ್ಲ. ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಸೀಟಿ. ನಿವೃತ್ತನಾದರೂ ಸೀಟಿ ಬಿಟ್ಟಿಲ್ಲ. ಅದರ ದಾರ ಜೇಬಿನಿಂದ ಹೊರಗೆ ಇಳಿಬಿದ್ದಿರಬೇಕು, ಬೇಕೆಂದಾಗ ಎಳೆದುಕೊಳ್ಳಲು. ಬೆಳಗಿನ ಚಳಿಗೆ ಮೇಲೊಂದು ಸ್ವೆಟರ್ ತೊಟ್ಟು ಗುಂಡಿ ಹಾಕಿಕೊಂಡೆ. ಓದುಗರಿಗೆ ಇಷ್ಟರಲ್ಲೇ ಎಲ್ಲ ತಿಳಿದಿರಬೇಕು. ನನಗೆ ತಿಳಿಯಲಿಲ್ಲ.

ಪಂಚಾಯಿತಿ ಚುನಾವಣೆ ಹತ್ತಿರವಿದ್ದ ಕಾರಣ ಮೊದಲ ಫ್ಲೆಕ್ಸು ಊರು ದಾಟುವ ಮುನ್ನವೇ ಸಿಕ್ಕಿತು. ಸ್ಟೂಲ್ ಹತ್ತಿ, ಮೊಬೈಲನ್ನು ಕೈಗಳ ಹತ್ತಿರ ಹಿಡಿದೆ. ಬಲಗೈ ಕಿರುಬೆರಳು ಮೇಲಿನ ಗೆಣ್ಣಿನಲ್ಲಿ ಹೊರಕ್ಕೆ ಬಾಗಿತ್ತು. ಮೊಬೈಲ್ ಹಿಡಿದ ನನ್ನ ಬಲಗೈ ಕಿರುಬೆರಳೂ ಅದರ ಪಕ್ಕದಲ್ಲೇ ಇತ್ತು. ವಾಲಿಬಾಲ್ ಬಡಿದು ಮುರಿದದ್ದು, ನೆಟ್ಟಗೆ ಕೂಡಲಿಲ್ಲ. ಎರಡೂ ಬೆರಳು ಅಣ್ಣತಮ್ಮಂದಿರಂತೆ ಕಂಡವು. ಲೋಕದಲ್ಲಿ ನನ್ನೊಬ್ಬನಿಗೇ ವಾಲಿಬಾಲ್ ಬಡಿದಿದೆಯೆ ಎಂದುಕೊಂಡು ಇಳಿದೆ.

ಶಿರಾಳಕೊಪ್ಪ ದಾಟಿ ತಾಳಗುಂದದ ತಿರುವಿನಲ್ಲಿ ಎರಡನೆಯದು. ಬೇರೆ ಪಕ್ಷ, ಬೇರೆ ನಾಯಕ, ಮೀಸೆ ಬೇರೆ. ಬೆರಳು ಅದೇ. ಎಡಗಡೆಯ ಜೇಬಿನಿಂದ ಕಪ್ಪು ದಾರ ಇಳಿಬಿದ್ದಿತ್ತು. ದಾರದ ತುದಿಯಲ್ಲಿ, ಜೇಬಿನ ಅಂಚಿನಲ್ಲಿ, ಅಕ್ಕಿಕಾಳಿನಷ್ಟು ಏನೋ ಹೊಳೆಯುತ್ತಿತ್ತು. ಅದು ಸೀಟಿಯ ಬಾಯಿ.

ನನ್ನ ಎದೆಯ ಮೇಲೆ ಸ್ವೆಟರಿನ ಒಳಗೆ ಕೈ ಇಟ್ಟು ನೋಡಿದೆ. ನನ್ನ ಸೀಟಿ ನನ್ನಲ್ಲೇ ಇತ್ತು.

"ಏನ್ ಮಾಮಾ, ಬೆವರ್ತಿದ್ದೀರಾ. ಸ್ವೆಟರ್ ತೆಗೀರಿ," ಎಂದಳು ಮೇಘನಾ ಕೆಳಗಿನಿಂದ.

"ಚಳಿ," ಎಂದೆ.

ಅಲ್ಲಿಂದ ಮುಂದಿನ ದಾರಿಯನ್ನು ನಾನು ಇಷ್ಟು ವರ್ಷ ಲೆಕ್ಕವಿಲ್ಲದಷ್ಟು ಸಲ ಓಡಾಡಿದ್ದೇನೆ. ಆ ದಿನ ಅದು ನನಗೆ ಗುರುತು ಹತ್ತಲಿಲ್ಲ. ಎರಡೂ ಕಡೆ ಆಳೆತ್ತರದ ಜೋಳ, ನರಪಿಳ್ಳೆಯಿಲ್ಲ. ಕಂಬಕಂಬಕ್ಕೂ ಫ್ಲೆಕ್ಸು. ಪ್ರತಿಯೊಂದರಲ್ಲೂ ನಾನು ನಿಂತಿದ್ದೆ, ಕುತ್ತಿಗೆಯಿಂದ ಕೆಳಗೆ. ಕುತ್ತಿಗೆಯ ಮೇಲೆ ಒಮ್ಮೆ ದಪ್ಪ ಮುಖ, ಒಮ್ಮೆ ಕೂಲಿಂಗ್ ಗ್ಲಾಸು, ಒಮ್ಮೆ ಹಣೆಗೆ ಕುಂಕುಮ. ಒಂದರಲ್ಲಿ ಸುತ್ತ ಹೂವಿನ ಹಾರ ಬಿಡಿಸಿ 'ಮತ್ತೆ ಹುಟ್ಟಿ ಬನ್ನಿ' ಎಂದಿತ್ತು. ಸತ್ತವನೂ ನನ್ನ ಕೈಯಿಂದಲೇ ನಮಸ್ಕರಿಸುತ್ತಿದ್ದ. ಗಾಳಿ ಬಂದಾಗ ಬಟ್ಟೆ ಉಬ್ಬುತ್ತಿತ್ತು, ಇಳಿಯುತ್ತಿತ್ತು. ಎದೆ ಉಸಿರಾಡುತ್ತಿದ್ದ ಹಾಗೆ. ನನಗರಿವಿಲ್ಲದೆ ನಾನೂ ಅದೇ ತಾಳಕ್ಕೆ ಉಸಿರಾಡುತ್ತಿದ್ದೆ. ಹ್ಯಾಂಡಲ್ ಹಿಡಿದ ಕೈಗಳು ನನ್ನವೇ ಎಂಬುದನ್ನು ಖಾತ್ರಿ ಮಾಡಿಕೊಳ್ಳಲು ಎರಡು ಸಲ ಸುಮ್ಮನೆ ಹಾರನ್ ಒತ್ತಿದೆ.

"ಯಾರಿಗೆ ಹಾರನ್?" ಎಂದಳು ಮೇಘನಾ.

ಹೇಳಿಬಿಡಬೇಕಿತ್ತು. ಆದರೆ ಹಿಂದೆ ಕೂತ ಹುಡುಗಿ ಗಾಳಿಯಲ್ಲಿ ಕೂಗಿ ಕೂಗಿ ಹೇಳುತ್ತಿದ್ದಳು. ಆ ದಾರದ ಮೇಲೇ ಆರು ಪುಟ ಬರೆದಿದ್ದಾಳಂತೆ. ಮಾರ್ಗದರ್ಶಕರು ಆ ಭಾಗ ಓದಿ 'ಅಪೂರ್ವ' ಎಂದರಂತೆ. ಈಗ ನಾನು ಬಾಯಿ ಬಿಟ್ಟರೆ ಒಂದು ಸೀಮೆಯ ವಿನಯ ಹೋಗಿ ಒಬ್ಬ ಡ್ರಿಲ್ ಮೇಷ್ಟ್ರ ಸೀಟಿ ಉಳಿಯುತ್ತದೆ. ಗುಟ್ಟನ್ನು ಸೋಮವಾರ ಬೆಳಗಿನವರೆಗೆ ಕಾಪಾಡುವುದೆಂದು ತೀರ್ಮಾನಿಸಿದೆ. ನನ್ನ ತೀರ್ಮಾನಗಳ ಚರಿತ್ರೆಯಲ್ಲಿ ಇದಕ್ಕೆ ವಿಶೇಷ ಸ್ಥಾನವಿದೆ.

ಕುಪ್ಪಗಡ್ಡೆಯ ಹತ್ತಿರ ಬಸ್ ತಂಗುದಾಣ. ಅದರ ಪಕ್ಕ ಬಿದಿರಿನ ಚೌಕಟ್ಟಿಗೆ ಕಟ್ಟಿದ ದೊಡ್ಡ ಫ್ಲೆಕ್ಸು. ಗಾಳಿಗೆ ಹರಿದು ಅದರ ತಲೆ ಇದ್ದ ಜಾಗ ಹಾರಿಹೋಗಿತ್ತು. ತೂತಿನಾಚೆ ಬಿಳಿ ಆಕಾಶ ಕಾಣುತ್ತಿತ್ತು. ಕೆಳಗೆ ನಾನು, ಒಬ್ಬನೇ, ಕೈಮುಗಿದುಕೊಂಡು.

"ಇದು ಚೆನ್ನಾಗಿದೆ, ಕೈ ಪೂರ್ತಿ ಕಾಣ್ತಿದೆ," ಎಂದಳು ಮೇಘನಾ. "ನೀವು ಇದನ್ನ ತೆಗೀರಿ. ನಾನು ಆ ಅಂಗಡಿಯವರ ಹತ್ರ ಎರಡು ಪ್ರಶ್ನೆ ಕೇಳಿ ಬರ್ತೀನಿ."

ತಂಗುದಾಣದ ಕಟ್ಟೆಯ ಮೇಲೆ ಒಬ್ಬ ಅಜ್ಜಿ ಎಲೆಅಡಿಕೆ ಹಾಕುತ್ತಾ ಕೂತಿದ್ದಳು. ಅಭ್ಯಾಸಬಲದಿಂದ ಕೈಮುಗಿದೆ. ಅಜ್ಜಿ ನನ್ನ ಕೈ ನೋಡಿದಳು. ಫ್ಲೆಕ್ಸು ನೋಡಿದಳು. ಮತ್ತೆ ನನ್ನ ಕೈ ನೋಡಿ, ಕಟ್ಟೆಯ ಆ ತುದಿಗೆ ಸರಿದು ಕೂತಳು.

"ಯಾವೂರಾತು ನಿಮ್ದು?"

"ಶಿಕಾರಿಪುರ."

"ಈಗ ಬಂದ್ರಾ, ಇಲ್ಲೇ ಇದ್ರಾ?"

ಅಜ್ಜಿಗೆ ಬೆನ್ನು ಹಾಕಿ ಕೆಲಸಕ್ಕಿಳಿದೆ. ಚರಂಡಿಯ ಅಂಚಿನಿಂದ ಒಂದು ಹಿಡಿ ಒದ್ದೆ ಮಣ್ಣು ತೆಗೆದುಕೊಂಡೆ. ಸ್ಟೂಲ್ ಹತ್ತಿ ಫ್ಲೆಕ್ಸಿನ ಕಿರುಬೆರಳಿಗೆ ಬಳಿದು, ಅದರ ಸೊಟ್ಟ ಮರೆಯಾಗುವಂತೆ ಮಾಡುವುದು ನನ್ನ ಯೋಜನೆ. ಆಮೇಲೆ ಫೋಟೋ. ಮುರಿದ ಬೆರಳನ್ನು ಆಸ್ಪತ್ರೆಯಲ್ಲಿ ನೆಟ್ಟಗೆ ಮಾಡಲಾಗಲಿಲ್ಲ, ಇಲ್ಲಿ ಮಾಡುತ್ತೇನೆಂದು ಹೊರಟೆ. ಬಟ್ಟೆಯಲ್ಲಿನ ಬೆರಳನ್ನು ಮುಟ್ಟಿದೆ. ಬಿಸಿಲಿಗೆ ಕಾದು ಬೆಚ್ಚಗಿತ್ತು, ಮೈಯ ಬಿಸಿಯಷ್ಟೇ. ಗಾಬರಿಯಿಂದ ಹಿಂದಕ್ಕೆ ಸರಿದಾಗ ಸ್ವೆಟರ್ ಬಿದಿರಿಗೆ ಹೊಡೆದ ಮೊಳೆಗೆ ಸಿಕ್ಕಿಕೊಂಡಿತು. ಬಿಡಿಸಿಕೊಳ್ಳಲು ಎಳೆದೆ. ಗುಂಡಿಗಳು ಒಂದೊಂದಾಗಿ ಹಾರಿದವು.

ಅಷ್ಟರಲ್ಲಿ ಒಂದು ಬೈಕು ನಿಂತಿತು. ಅದರ ಹಿಂದೆ ಇನ್ನೆರಡು.

"ಯಾರ್ರೀ ಅದು? ನಮ್ಮ ಅಧ್ಯಕ್ಷರ ಫ್ಲೆಕ್ಸ್ ಹರೀತಿರೋದು?"

"ಹರೀತಿಲ್ಲಪ್ಪ."

"ತಲೆ ಎಲ್ಲಿ ಹಂಗಾರೆ?"

"ನಾನು ಬಂದಾಗಲೇ ಇರಲಿಲ್ಲ."

"ಕೈಯಾಗೆ ಮಣ್ಣು ಎಂತಕ್ಕೆ?"

"ಬೆರಳು ನೆಟ್ಟಗೆ ಮಾಡೋಣ ಅಂತ."

ಸತ್ಯ ಹೇಳಿದರೆ ಜನ ನಂಬುತ್ತಾರೆ ಎಂದು ಮಕ್ಕಳಿಗೆ ಮೂವತ್ತು ವರ್ಷ ಹೇಳಿಕೊಟ್ಟವನು ನಾನು. ಯಾರೂ ನಂಬಲಿಲ್ಲ. ಅಂಗಡಿಯವರೂ ಬಂದರು, ಅವರ ಹಿಂದೆ ಮೇಘನಾ. ಬೈಕಿನವನು ತೋಳು ಮಡಚತೊಡಗಿದ. ಕ್ಷಮೆ ಕೇಳುವುದೇ ಉತ್ತಮವೆನಿಸಿತು. ಸ್ವೆಟರನ್ನು ಮೊಳೆಗೇ ಬಿಟ್ಟು, ಸ್ಟೂಲಿನ ಮೇಲೆ ನೆಟ್ಟಗೆ ನಿಂತು, ಹಿಮ್ಮಡಿ ಜೋಡಿಸಿ, ಎರಡೂ ಕೈ ಎದೆಗೆ ತಂದು ಮುಗಿದೆ.

ಅದೇ ಹೊತ್ತಿಗೆ ಗಾಳಿ ನಿಂತಿತು. ಫ್ಲೆಕ್ಸು ಉಸಿರು ಬಿಗಿಹಿಡಿದಂತೆ ಚಪ್ಪಟೆಯಾಯಿತು. ಎಲ್ಲರ ಕಣ್ಣುಗಳು ನನ್ನಿಂದ ನನ್ನ ಹಿಂದಕ್ಕೆ, ಅಲ್ಲಿಂದ ಮತ್ತೆ ನನಗೆ ಹೋಗಿಬರುತ್ತಿದ್ದವು. ಬಿಳಿ ಅಂಗಿ, ಕಪ್ಪು ದಾರ, ಸೊಟ್ಟ ಬೆರಳು. ನನ್ನ ತಲೆ ಸರಿಯಾಗಿ ಆ ತೂತಿನ ಮುಂದಿತ್ತೆಂದು ಆಮೇಲೆ ಫೋಟೋ ನೋಡಿದಾಗ ತಿಳಿಯಿತು. ತೋಳು ಮಡಚಿದವನು ನಿಧಾನವಾಗಿ ತೋಳು ಇಳಿಸಿ ಎರಡು ಹೆಜ್ಜೆ ಹಿಂದೆ ಹೋದ.

ಅಜ್ಜಿ ಕಟ್ಟೆಯಿಂದಲೇ ಹೇಳಿದಳು: "ತಲೆ ಸಿಕ್ತಲ್ಲ, ತಗಳ್ರಪ್ಪ."

ಮೇಘನಾ ಫೋಟೋ ತೆಗೆದು, ಮೊಬೈಲ್ ಕೆಳಗಿಳಿಸಿ, ಬಹಳ ಮೆಲ್ಲಗೆ "ಮಾಮಾ, ಆ ದಾರ ಎಳೀರಿ," ಎಂದಳು.

ಎಳೆದೆ. ಸೀಟಿ ಹೊರಬಂತು.

ವಾಪಸ್ ಬರುವಾಗ, ಬೈಕಿನವರೇ ಹೇಳಿದ ಗುರುತಿನ ಮೇಲೆ, ಶಿರಾಳಕೊಪ್ಪದ ಫ್ಲೆಕ್ಸ್ ಅಂಗಡಿಗೆ ಹೋದೆವು. ಎರಡೂ ತಾಲ್ಲೂಕಿನ ಬಹುಪಾಲು ಫ್ಲೆಕ್ಸು ಅಲ್ಲಿಯದೇ. ಮಾಲೀಕ ವೀರೇಶ ನನ್ನನ್ನು ಕಂಡು ಎದ್ದು ನಿಂತ. ನಾಚಿಕೆ ಪಡುತ್ತಾನೆಂದು ನಿರೀಕ್ಷಿಸಿದ್ದೆ. ಅವನು ಕುರ್ಚಿ ಒರೆಸಿದ.

"ನೀವು ರಿಟೈರ್ ಆದಾಗ ನಿಮ್ಮ ಶಿಷ್ಯರು ಫ್ಲೆಕ್ಸ್ ಮಾಡ್ಸಿದ್ರಲ್ರೀ ಮೇಷ್ಟ್ರೇ. ಆ ಫೋಟೋ ಅವತ್ತಿಂದ ಇಟ್ಕಂಡೀನಿ. ನಮ್ಮ ಲೀಡರ್‌ಗಳು ಕಳ್ಸೋದು ಬರೇ ತಲಿ. ಮದುವಿ ಮನಿಯಾಗ ಊಟಕ್ಕ ಕುಂತಿದ್ದು, ಕಾರಿನಾಗ ಮಲಗಿದ್ದು. ಮೈ ನಾವೇ ಹಚ್ಚಬೇಕು. ನಿಮ್ಮಂಗ ಒಂದು ಸುಕ್ಕಿಲ್ದಂಗ, ಎರಡೂ ಭುಜ ಸಮ ಮಾಡಿ ನಿಂತೋರು ಇನ್ನೊಬ್ರು ಸಿಕ್ಕಿಲ್ಲ ನೋಡ್ರಿ."

ಕಂಪ್ಯೂಟರಿನಲ್ಲಿ ತೋರಿಸಿದ. ಖಾಲಿ ಬಿಳುಪಿನ ನಡುವೆ ನಾನು ನಿಂತಿದ್ದೆ, ಕಾಲರಿನ ಮೇಲೆ ಏನೂ ಇಲ್ಲದೆ. ಪರದೆಯ ಹೊರಗಿದ್ದ ನನಗಿಂತ ಒಳಗಿದ್ದವನೇ ಸಮಾಧಾನವಾಗಿದ್ದ.

"ಸತ್ತವರಿಗೂ ನನ್ನನ್ನೇ ಹಾಕಿದ್ದೀಯಲ್ಲಪ್ಪ?"

"ಅವರಿಗೆ ಇನ್ನೂ ಚಂದ ಹೊಂದ್ತೈತ್ರೀ. ನಿಮಗೂ ಮುಂದ ಯಾವತ್ತರ ಬೇಕಾದ್ರ ಮೈ ರೆಡಿ ಐತಿ. ತಲಿ ಒಂದು ಕಳ್ಸಿದ್ರ ಸಾಕು."

ಅಳಿಸಿಹಾಕು ಎಂದು ಹೇಳಲು ಹೋಗಿದ್ದೆ. ಅದರ ಬದಲು ಅಂಗಿಯ ಕಾಲರ್ ಮುಟ್ಟಿ ನೋಡಿಕೊಂಡೆ. ಅದನ್ನು ಅಳಿಸಿದರೆ ನಾನು ಎಷ್ಟು ಉಳಿಯುತ್ತೇನೆ ಎಂಬುದು ಆ ಗಳಿಗೆಯಲ್ಲಿ ಸ್ಪಷ್ಟವಿರಲಿಲ್ಲ.

ಶಿಕಾರಿಪುರದವರೆಗೆ ಮೇಘನಾ ಹಿಂದೆ ಕೂತು ಮೊಬೈಲಿನ ಫೋಟೋಗಳನ್ನೇ ತಿರುವುತ್ತಿದ್ದಳು. ಮನೆಯ ಮುಂದೆ ಇಳಿದು ಕೇಳಿದಳು: "ನಿಮಗೆ ಯಾವಾಗ ಗೊತ್ತಾಯ್ತು?"

"ತಾಳಗುಂದದಲ್ಲಿ."

"ಅಲ್ಲೇ ಹೇಳಿದ್ರೆ ನನಗೆ ಅರ್ಧ ದಿನ ಉಳೀತಿತ್ತು ಮಾಮಾ."

ನನ್ನನ್ನು ಬೈದಿದ್ದರೆ ಸಹಿಸಬಹುದಿತ್ತು. ಅವಳು ನೇರ ಒಳಗೆ ಹೋಗಿ ಲ್ಯಾಪ್‌ಟಾಪ್ ತೆರೆದಳು. ಆರು ಪುಟದ ದೃಷ್ಟಿ ದಾರ ಒಂದೇ ಒತ್ತಿಗೆ ಹೋಯಿತು. ದುಡಿಮೆಯ ಕೈ ಹೋಯಿತು. ಸರೋಜ ಮೂರು ಸಲ ಕಾಫಿ ಇಟ್ಟು ಬಂದಳು. ನಾನು ಜಗಲಿಯಲ್ಲಿ ಶಿಕ್ಷೆಗೊಳಗಾದ ವಿದ್ಯಾರ್ಥಿಯಂತೆ ಕೂತಿದ್ದೆ. ಒಳಗಿನಿಂದ ಕೀಲಿಮಣೆಯ ಸದ್ದು ಒಂದೇ ಸಮನೆ ಕೇಳುತ್ತಿತ್ತು. ಕತ್ತಲಾಗುವ ಹೊತ್ತಿಗೆ ಸದ್ದು ನಿಂತಿತು.

"ಕಳಿಸಿದೆ," ಎಂದಳು ಹೊರಬಂದು. ಮುಖ ಬಾಡಿತ್ತು, ಆದರೆ ಕಣ್ಣು ಚುರುಕಾಗಿತ್ತು. "ಮೊದಲಿಗಿಂತ ಚೆನ್ನಾಗಿದೆ. ಎಲ್ಲ ಪಕ್ಷಕ್ಕೂ ಒಂದೇ ಮೈ. ಊರೆಲ್ಲ ವರ್ಷಗಟ್ಟಲೆ ನೋಡಿದೆ, ಯಾರಿಗೂ ಗೊತ್ತಾಗಿಲ್ಲ. ನನಗೂ. ನಾವೆಲ್ಲ ತಲೆ ಮಾತ್ರ ನೋಡ್ತೀವಿ ಅಂತ ಬರೆದೆ. ಕುಪ್ಪಗಡ್ಡೆ ಫೋಟೋನೇ ಮೊದಲನೇ ಚಿತ್ರ."

ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು. ಇಷ್ಟೆಲ್ಲ ಆದ ಮೇಲೂ ಒಂದು ಗೌರವ ಉಳಿಯಿತಲ್ಲ. ಕೊನೆಗೂ ನನ್ನ ಮೈ ನನ್ನ ತಲೆಯೊಂದಿಗೆ ಪ್ರಕಟವಾಗುತ್ತದೆ. ತೋರಿಸೆಂದೆ.

ಬಿಳಿ ಅಂಗಿ, ಕಪ್ಪು ದಾರ, ಮುಗಿದ ಕೈ. ಚಿತ್ರ ಕಾಲರಿಗೆ ಮುಗಿದಿತ್ತು.

"ನನ್ನ ತಲೆ ಎಲ್ಲಿ ಮೇಘನಾ?"

"ಕತ್ತರಿಸಿದೆ ಮಾಮಾ. ಸಂಶೋಧನೆಗೆ ಸಿಕ್ಕಿದವರ ಗುರುತು ಹೊರಗೆ ಗೊತ್ತಾಗಬಾರದು. ನಿಯಮ."

ನಿಯಮ ಎಂದ ಮೇಲೆ ನಾನು ಎದುರಾಡುವವನಲ್ಲ. ಸರೋಜ ಬಗ್ಗಿ ನೋಡಿ, "ಹೀಗೇ ಸರಿ ಇದೆ, ಬಿಡು. ಕೆಲಸಕ್ಕೆ ಬರೋ ಭಾಗ ಇಟ್ಕೊಂಡಿದೀಯ," ಎಂದು ಒಳಗೆ ಹೋದಳು.

ಆ ದಿನದ ಕೊನೆಯ ಕೆಲಸವೊಂದು ಬಾಕಿ ಇತ್ತು. ಎಂಟೂವರೆಗೆ ಮಾರನೆಯ ದಿನದ ಬಿಳಿ ಅಂಗಿಯನ್ನು ಇಸ್ತ್ರಿ ಮಾಡಿ, ಜೇಬಿಗೆ ಸೀಟಿ ಹಾಕಿ, ದಾರ ಹೊರಗೆ ಬಿಟ್ಟು, ಹ್ಯಾಂಗರಿಗೆ ಸಿಕ್ಕಿಸಿ ಮೊಳೆಗೆ ತೂಗುಹಾಕಿದೆ. ಕಿಟಕಿಯ ಗಾಳಿಗೆ ಅದರ ಎದೆ ಒಮ್ಮೆ ಉಬ್ಬಿ ಇಳಿಯಿತು. ಭುಜಗಳು ಸಮವಾಗಿದ್ದವು, ಒಂದು ಸುಕ್ಕೂ ಇರಲಿಲ್ಲ.

ಅದನ್ನು ಗೋಡೆಯ ಕಡೆಗೆ ತಿರುಗಿಸಿ ದೀಪ ಆರಿಸಿದೆ.