ಡ್ರಮ್ಮು ಕೆಳಗಿಳಿಯಲಿಲ್ಲ

ನಾನು ಗಿಡಕ್ಕೆ ಗೊಬ್ಬರ ಮಾಡುತ್ತೇನೆ, ಎಡವಟ್ಟು ಮಾತ್ರ ಮನುಷ್ಯರಿಗೆ ಆಗುತ್ತದೆ. ಇದು ಇವತ್ತು ನಿನ್ನೆಯದಲ್ಲ.

ತಮಿಳು ಸೀಮೆಯ ತುಡಿಯಲೂರಿನಲ್ಲಿ ಆರು ಮನೆಗಳ ಅಪಾರ್ಟ್‌ಮೆಂಟು ನಮ್ಮದು. ಎಲ್ಲರೂ ನೇಯ್ಗೆಯವರ ಮಕ್ಕಳು, ಮನೆಯೊಳಗೆ ಕನ್ನಡ, ಓದುಬರಹವೆಲ್ಲ ತಮಿಳು. ನನಗೊಬ್ಬಳಿಗೆ ಮೈಸೂರಿನ ಸೊಸೆ ಹಟ ಹಿಡಿದು ಕನ್ನಡ ಅಕ್ಷರ ಕಲಿಸಿದ್ದಾಳೆ. ತಾರಸಿಯ ಮೂಲೆಯಲ್ಲಿ ನನ್ನ ಬದನೆ, ಟೊಮೆಟೊ, ಕರಿಬೇವು. ಪಕ್ಕದಲ್ಲಿ ನೀಲಿ ಡ್ರಮ್ಮು. ಅದರೊಳಗೆ ಪಳಕ್ಕಾಡಿ, ಅಂದರೆ ಕೊಳೆತ ಹಣ್ಣು, ಬೆಲ್ಲ, ಸಗಣಿ ನೀರು ಸೇರಿಸಿ ಹುಳಿ ಬರಿಸಿದ ಗೊಬ್ಬರ. ಅದನ್ನು ಇಳಿಸು ಎಂದವರು ಬಹಳ ಜನ. ನಾನು ಇಳಿಸಲಿಲ್ಲ.

೧. ಕೊಳೆತದ್ದೇ ಬೇಕು

ಮೊದಲು ಹಣ್ಣು ಬೇಕಲ್ಲ. ಸಂತೆಗೆ ಹೋಗಿ ತಳ್ಳುಗಾಡಿಯವನನ್ನು, "ಕೊಳೆತ ಬಾಳೆಹಣ್ಣು, ಪಪ್ಪಾಯಿ ಇದ್ರೆ ಕೊಡಪ್ಪಾ" ಎಂದು ಕೇಳಿದೆ.

ಅವನು ನನ್ನ ಹಳೆ ಸೀರೆ ನೋಡಿದ, ನರೆತ ಕೂದಲು ನೋಡಿದ. ಕಣ್ಣು ಒದ್ದೆಯಾಯಿತು. ನಾಲ್ಕು ಒಳ್ಳೆಯ ಸೇಬು ನನ್ನ ಚೀಲಕ್ಕೆ ಹಾಕಿ, "ಮಕ್ಕಳು ನೋಡಿಕೊಳ್ಳೋದಿಲ್ವಾ ಪಾಟ್ಟಿ?" ಎಂದು ತಮಿಳಿನಲ್ಲಿ ಮೆಲ್ಲಗೆ ಕೇಳಿದ.

"ಈ ಸೇಬು ಯಾರಿಗೆ ಬೇಕು? ಆ ಕಪ್ಪು ಬಾಳೆ ತೆಗಿ. ಥೂ, ಇದಿನ್ನೂ ಸರಿಯಾಗಿ ಕೊಳೆತಿಲ್ಲ. ಮೊನ್ನೆಯದು ಇಲ್ವಾ?"

ಅವನ ಕರುಣೆ ಅಲ್ಲಿಗೇ ಮುಗಿಯಿತು. ಸೇಬು ವಾಪಸು ತೆಗೆದುಕೊಂಡು ಪಕ್ಕದ ಗಾಡಿಯವನಿಗೆ ಕೂಗಿ ಹೇಳಿದ: "ಒಳ್ಳೆ ಹಣ್ಣನ್ನ ಆರಿಸೋರನ್ನ ನೋಡಿದ್ದೀನಿ. ಕೊಳೆತದ್ದರಲ್ಲೂ ಕುಂದು ಹುಡುಕೋರನ್ನ ಇವತ್ತೇ ನೋಡಿದ್ದು!"

೨. ಮುಚ್ಚಳ

ಉಡುಮಲೈಪೇಟೆಯಲ್ಲಿರುವ ತಂಗಿಯ ತೆಂಗಿನ ಸಸಿಗೆಂದು ಒಂದು ಕ್ಯಾನು ಪಳಕ್ಕಾಡಿ ತುಂಬಿಕೊಂಡು ಬಸ್ಸು ಹತ್ತಿದೆ. ಚೆಲ್ಲಬಾರದೆಂದು ಮುಚ್ಚಳವನ್ನು ಗಟ್ಟಿಯಾಗಿ ತಿರುಗಿಸಿದ್ದೆ. ಒಳಗೆ ಗ್ಯಾಸು ಹುಟ್ಟುತ್ತದೆಂಬುದು ಆಗ ನನಗೆ ಹೊಳೆಯಲಿಲ್ಲ.

ಪೊಳ್ಳಾಚಿ ದಾಟಿದ ಮೇಲೆ ಢಮ್ ಎಂದಿತು. ಮುಚ್ಚಳ ಹಾರಿ ಬಸ್ಸಿನ ಸೂರಿಗೆ ಬಡಿಯಿತು. ಟೈರು ಒಡೆಯಿತೆಂದು ಡ್ರೈವರು ಬಸ್ಸು ನಿಲ್ಲಿಸಿದ. ಗಂಡಸರೆಲ್ಲ ಇಳಿದು ಒಂದೊಂದು ಟೈರನ್ನೂ ಒದ್ದು ಒದ್ದು ನೋಡಿದರು. ನಾನು ಕ್ಯಾನಿನ ಬಾಯಿಗೆ ಸೆರಗು ತುರುಕಿ, ಕಿಟಕಿಯಾಚೆ ತೋಟ ನೋಡುತ್ತ ಕುಳಿತೆ. ಕೇಳಿದ್ದರೆ ಹೇಳುತ್ತಿದ್ದೆ. ಯಾರೂ ಕೇಳಲಿಲ್ಲ.

ಮುಂದಿನ ಸೀಟಿನ ಅಜ್ಜಿ ಮಾತ್ರ ಎರಡು ಸಲ ಮೂಗೆಳೆದು ಕಂಡಕ್ಟರಿಗೆ ದೂರು ಕೊಟ್ಟಳು: "ಯಾರೋ ಹಲಸಿನ ಹಣ್ಣು ಬಿಡಿಸಿ ತಿಂತಿದ್ದಾರಪ್ಪಾ. ಒಂದು ತೊಳೆ ಕೊಡೋ ಮನಸ್ಸಿಲ್ಲ ನೋಡು."

೩. ಭಾನುವಾರದ ಗಡುವು

ಆಮೇಲೆ ನಾನು ಯಾವ ಮುಚ್ಚಳವನ್ನೂ ಬಿಗಿ ಮಾಡಲಿಲ್ಲ. ಡ್ರಮ್ಮಿನದೂ ಸಡಿಲವಾಯಿತು, ವಾಸನೆ ಮೆಟ್ಟಿಲಿಳಿದು ಅಪಾರ್ಟ್‌ಮೆಂಟಿನ ಸೆಕ್ರೆಟರಿಯ ಮನೆ ತಲುಪಿತು.

"ಅಕ್ಕಾ, ಭಾನುವಾರದ ಮೀಟಿಂಗ್ ಒಳಗೆ ಆ ಅಸಿಂಗ ಇಳಿಸಿಬಿಡಿ. ಇಲ್ಲಾಂದ್ರೆ ನಾನೇ ಆಳು ಕರೆಸಿ ಚೆಲ್ಲಿಸ್ತೀನಿ" ಎಂದರು. ನಮ್ಮ ಕಡೆ ಅಸಿಂಗ ಎಂದರೆ ಹೊಲಸು.

ನನಗೆ ಮೈ ಉರಿಯಿತು. ಮೂವತ್ತು ವರ್ಷ ಮಿಲ್ಲಿನ ಹತ್ತಿಧೂಳು ಕುಡಿದವಳು ನಾನು. ನನ್ನದು ಅಂತ ಉಳಿದದ್ದು ತಾರಸಿಯ ಆ ಮೂಲೆ ಒಂದೇ.

"ಬಾಳೆ, ಪಪ್ಪಾಯಿ, ಬೆಲ್ಲ. ಇದ್ರಲ್ಲಿ ನೀವು ತಿನ್ನದೇ ಇರೋದು ಏನಿದೆ ತಂಬಿ?" ಎಂದೆ. ಸಗಣಿಯ ಸುದ್ದಿ ಎತ್ತಲಿಲ್ಲ.

"ಅದನ್ನ ನನ್ನ ಬಾಯಿಗೆ ಯಾಕೆ ತರ್ತೀರಿ?" ಎಂದರು.

ಹಿಂದೆ ನಿಂತಿದ್ದ ನಮ್ಮ ಯಜಮಾನರು, "ಇಳಿಸ್ತೀವಿ ತಂಬಿ, ಇಳಿಸ್ತೀವಿ" ಎಂದು ಕೈಮುಗಿದರು.

"ಇಳಿಸಿ. ಅದರ ಜೊತೆ ನಿಮ್ಮ ಪೆಟ್ಟಿಗೇನೂ ಇಳಿಸಿಕೊಳ್ಳಿ" ಎಂದು ಯಜಮಾನರಿಗೇ ಹೇಳಿದೆ.

೪. ಪ್ರಸಾದ

ಆ ಶುಕ್ರವಾರ ಮಗ, ಸೊಸೆ ಪಳನಿಗೆ ಹೋಗಿ ಪಂಚಾಮೃತ ತಂದರು. ಪಳನಿಯದು ಬಾಳೆಹಣ್ಣು, ಬೆಲ್ಲ ಕಿವುಚಿ ಮಾಡುವ ಗಟ್ಟಿ ಪಂಚಾಮೃತ; ಅದು ಪೂಜೆಯ ಕೋಣೆಯಲ್ಲಿತ್ತು. ಅಡುಗೆಮನೆಯ ಸ್ಟೀಲ್ ಪಾತ್ರೆಯಲ್ಲಿ ಇದ್ದದ್ದು ನಾನು ಹಿಂದಿನ ದಿನ ಹೊಸ ಪಳಕ್ಕಾಡಿಗೆಂದು ಕಿವುಚಿಟ್ಟ ಬಾಳೆಹಣ್ಣು, ಬೆಲ್ಲ. ಸಗಣಿ ನೀರು ಮರುದಿನ ಬೀಳುವುದಿತ್ತು.

ನಾನು ತಾರಸಿಯಲ್ಲಿ ಡ್ರಮ್ಮು ಕಲಕುತ್ತಿದ್ದಾಗ ಸೆಕ್ರೆಟರಿ ಗಡುವು ನೆನಪಿಸಲು ಬಂದಿದ್ದಾರೆ. ಅವರನ್ನು ತಣ್ಣಗಾಗಿಸೋಣವೆಂದು ಯಜಮಾನರು, "ಪಳನಿ ಪ್ರಸಾದ ತಗೊಳ್ಳಿ ತಂಬಿ" ಎಂದು ಆ ಸ್ಟೀಲ್ ಪಾತ್ರೆಗೇ ಚಮಚ ಹಾಕಿದ್ದಾರೆ. ಸೆಕ್ರೆಟರಿ ಚಪ್ಪಲಿ ಬಿಟ್ಟು, ಕಣ್ಣಿಗೊತ್ತಿಕೊಂಡು ತಿಂದು, ಎರಡನೇ ಸಲ ಕೈಯೊಡ್ಡಿ, ಉಳಿದದ್ದನ್ನು ಎಲ್ಲ ಮನೆಗೂ ಹಂಚಿ ಪುಣ್ಯ ಕಟ್ಟಿಕೊಳ್ಳುತ್ತೇನೆಂದು ಪಾತ್ರೆಸಮೇತ ಒಯ್ದಿದ್ದಾರೆ. ನಾನು ಇಳಿದು ಬರುವಷ್ಟರಲ್ಲಿ ತೊಳೆದ ಪಾತ್ರೆ ವಾಪಸು ಬಂದಿತ್ತು.

ಯಜಮಾನರಿಗೆ ವಿಷಯ ಹೇಳಿದೆ. ಶನಿವಾರವಿಡೀ ಯಾರಿಗಾದರೂ ಹೊಟ್ಟೆ ಕೆಟ್ಟಿತೇ ಎಂದು ಕಿವಿಗೊಟ್ಟೆ. ಯಾರಿಗೂ ಏನೂ ಆಗಲಿಲ್ಲ.

ಭಾನುವಾರದ ಮೀಟಿಂಗಿನಲ್ಲಿ ಸೆಕ್ರೆಟರಿ, "ಮೊದಲ ವಿಷಯ, ಆ ಅಸಿಂಗ" ಎಂದು ಶುರು ಮಾಡಿದರು. ನಾನು ಎದ್ದು ನಿಂತೆ.

"ಇರಲಿ ತಂಬಿ. ಶುಕ್ರವಾರದ ಪ್ರಸಾದ ಹೇಗಿತ್ತು?"

ಚೆನ್ನಾಗಿತ್ತು, ಅಮೃತ ಎಂದು ಎಲ್ಲರೂ ಹೊಗಳಿದರು. "ನಾಲಿಗೆ ಮೇಲೆ ಚುರ್ ಅಂತು ಅಕ್ಕಾ, ಎಲ್ಲಾ ಮುರುಗನ ಮಹಿಮೆ" ಎಂದರು ಸೆಕ್ರೆಟರಿ.

"ಮುರುಗನದು ಪೂಜೆ ಕೋಣೇಲಿ ಹಾಗೇ ಇದೆ. ನೀವು ತಿಂದದ್ದು ಡ್ರಮ್ಮಿಗೆ ಹೋಗಬೇಕಾದ್ದು. ಸಗಣಿ ಹಾಕೋದಕ್ಕೆ ಇನ್ನೊಂದು ದಿನ ಬಾಕಿ ಇತ್ತು, ನಿಮ್ಮ ಪುಣ್ಯ."

ಆಮೇಲೆ ಸೆಕ್ರೆಟರಿ ತಲೆ ಎತ್ತದೆ ತೀರ್ಮಾನ ಬರೆದರು: ಡ್ರಮ್ಮು ಇದ್ದಲ್ಲೇ ಇರಲಿ. ಆದರೆ ಈ ಸಂಗತಿಯನ್ನು ನಾನು ಹೊರಗೆ ಯಾರಿಗೂ ಹೇಳಕೂಡದು. ಎಲ್ಲರೂ ಸಹಿ ಹಾಕಿದರು, ನಾನೂ ಹಾಕಿದೆ.

ಕೊಟ್ಟ ಮಾತಿಗೆ ತಪ್ಪುವವಳು ನಾನಲ್ಲ. ಇವತ್ತಿನವರೆಗೂ ಯಾರಿಗೂ ಹೇಳಿಲ್ಲ. ಬರೆದಿದ್ದೇನೆ, ಅದೂ ಕನ್ನಡದಲ್ಲಿ. ಸೆಕ್ರೆಟರಿಗೆ ಧೈರ್ಯವಿದ್ದರೆ ಓದಲಿ.