ನನ್ನ ತಲೆಯೊಳಗಿನ ಮೀನು

ಓದದ ಸೋಮಾರಿ ಪುಣ್ಯವಂತ, ಬೈಸಿಕೊಂಡು ಸುಮ್ಮನಾಗುತ್ತಾನೆ. ಓದಿದ ಸೋಮಾರಿ ಕಾರಣ ಕೊಡಬೇಕು, ಅದೂ ಶಾಸ್ತ್ರೀಯವಾಗಿ. ನಾನು ಚನ್ನಗಿರಿಯ ಕಾಲೇಜೊಂದರಲ್ಲಿ ಜೀವಶಾಸ್ತ್ರ ಹೇಳುವವನು. ನಾದಿನಿ ಸುಮಾಳನ್ನು ನೋಡಲು ನ್ಯಾಮತಿಯಿಂದ ಗಂಡಿನ ಕಡೆಯವರು ಬರುವವರಿದ್ದರು. ಅವರಿಗೆ ನನ್ನ ಮಾವನ ಊರಾದ ಬಿಳಿಚೋಡು ದೂರವೆಂದು ನಮ್ಮ ಮನೆಯಲ್ಲೇ ಏರ್ಪಾಡು. ಹುಡುಗನಿಗೂ ಸುಮಾಗೂ ಬಿ.ಎಡ್. ಓದುವಾಗಲೇ ಪರಿಚಯವಾಗಿ, ಇಬ್ಬರೂ ಮನಸ್ಸು ಮಾಡಿಬಿಟ್ಟಿದ್ದ ಗುಟ್ಟು ನನಗೂ ಹೆಂಡತಿ ಶಕುಂತಲಾಗೂ ಮಾತ್ರ ಗೊತ್ತಿತ್ತು. ಅವರು ಬರುವುದರೊಳಗೆ ಫ್ಯಾನಿನ ರೆಕ್ಕೆ ಒರೆಸಿರೆಂದು ಶಕುಂತಲಾ ನಾಲ್ಕು ದಿನ ಹೇಳಿದಳು. ನಾನು ನಾಲ್ಕು ದಿನವೂ ಕುರ್ಚಿಯಲ್ಲಿ ಒರಗಿ ಆ ರೆಕ್ಕೆಗಳನ್ನು ಗಂಭೀರವಾಗಿ ನೋಡಿದೆ.

ಐದನೇ ದಿನ, "ಏಳಾಕೆ ನಿಮಗೇನಾಗೈತೆ ರೀ?" ಎಂದಳು. ಏಳುವುದು ಮೊಣಕಾಲಿನ ಕೆಲಸವಲ್ಲ, ಮಿದುಳಿನ ಆಳದಲ್ಲಿ ಡೋಪಮೈನ್ ಎಂಬ ರಾಸಾಯನಿಕಕ್ಕೊಂದು ದಾರಿಯಿದೆ, 'ಇದು ಮಾಡತಕ್ಕ ಕೆಲಸ, ಹೊರಡು' ಎಂಬ ಪ್ರೇರಣೆ ಆ ದಾರಿಯಲ್ಲೇ ಬರಬೇಕು ಎಂದು ವಿವರಿಸಿದೆ. ಆ ದಾರಿ ಮನುಷ್ಯನ ಸ್ವಂತದ್ದೂ ಅಲ್ಲ. ಲ್ಯಾಂಪ್ರೆ ಎಂಬ ಮೀನಿದೆ, ನೋಡಲು ಸೈಕಲ್ ಟ್ಯೂಬಿನ ತುಂಡು. ಕೋಟ್ಯಂತರ ವರ್ಷಗಳ ಹಿಂದೆಯೇ ನಮ್ಮಿಂದ ಬೇರೆಯಾದ ಅದರ ವಂಶದಲ್ಲೂ ಹೆಚ್ಚುಕಡಿಮೆ ಇದೇ ದಾರಿ. "ಅಂದರೆ ನನ್ನ ತಲೆಯಲ್ಲಿ ಕೂತು ತೀರ್ಮಾನ ಮಾಡೋದು ನಾನಲ್ಲ, ಒಂದು ಮೀನು" ಎಂದು ಮುಗಿಸಿದೆ. ಶಕುಂತಲಾ ತಾನೇ ಸ್ಟೂಲ್ ಹತ್ತಿ ಫ್ಯಾನ್ ಒರೆಸಿ, ಕೆಳಗಿಳಿದು ತವರಿಗೆ ಫೋನ್ ಮಾಡಿದಳು.

"ಅವ್ವಾ, ಇವ್ರ ತಲೇಲಿ ಮೀನು ಐತಂತೆ."

ಮೀನಿನ ವಾಸನೆಯನ್ನೇ ಕಾಣದ ಮನೆತನ ಅದು. ನಮ್ಮತ್ತೆ ಮರುದಿನ ಮೊದಲ ಬಸ್ಸಿಗೇ ವಿಭೂತಿಯ ಸಮೇತ ಬಂದಿಳಿದರು. "ಹೊಟ್ಟೇಲಿ ಇದ್ರೆ ಹೆಂಗೋ ಅನ್ಕೋಬೋದಿತ್ತು. ತಲೇಗೆ ಹೆಂಗೆ ಹೋತು ಅಳಿಯಂದಿರೇ?" ಒಂದು ಗಂಟೆ ಪಾಠ ಮಾಡಿದೆ. "ತಿಳೀತು ಬಿಡ್ರಿ" ಎಂದು ತಲೆಯಾಡಿಸಿದರು. ನನ್ನ ವಿದ್ಯಾರ್ಥಿಗಳೂ ಹೀಗೆಯೇ ತಲೆಯಾಡಿಸುತ್ತಾರೆ. ಆಗಲೇ ನಾನು ಹೆದರಬೇಕಿತ್ತು.

ಭಾನುವಾರ ಗಂಡಿನ ಕಡೆಯವರು ಬಂದರು. ಹುಡುಗನ ತಂದೆ ಅಡಿಕೆ ವ್ಯಾಪಾರಿ, ಹಣೆತುಂಬ ವಿಭೂತಿ. ಕೇಸರಿಬಾತು ತಿನ್ನುತ್ತಾ, "ನಮ್ಮನೇಲಿ ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟಲ್ಲ ನೋಡ್ರಿ" ಎಂದರು. ನಮ್ಮತ್ತೆಗೆ ಸೋಲಲು ಇಷ್ಟವಿಲ್ಲ. "ನಮ್ಮಲ್ಲೂ ಹಂಗೇ ರೀ. ನಮ್ಮ ಅಳಿಯಂದಿರ ತಲೇಲಿ ಒಂದು ಮೀನು ಐತೆ, ನಿಜ. ಆದ್ರೆ ಅದು ತಿಂದಿದ್ದಲ್ಲ."

ಚಮಚಗಳು ನಿಂತವು. ಹುಡುಗ ನೆಲ ನೋಡಿದ. ಬಾಗಿಲ ಹಿಂದೆ ಸುಮಾಳ ಬಳೆ ಒಮ್ಮೆ ಗಲ್ ಎಂದು ಸುಮ್ಮನಾಯಿತು. ಫ್ಯಾನ್ ಒರೆಸದ ತಪ್ಪಿಗೆ ಒಂದು ಮದುವೆ ಮುರಿಯುವುದೇ?

"ಏನ್ ಮೇಷ್ಟ್ರೇ ಇದು?" ಎಂದರು ಹುಡುಗನ ತಂದೆ. ಬೆವರೊರೆಸಿಕೊಂಡು ಪಾಠ ಶುರುಮಾಡಿದೆ. ಡೋಪಮೈನ್ ಹೇಳಿದೆ, ದಾರಿ ಹೇಳಿದೆ, ಲ್ಯಾಂಪ್ರೆಯ ಬಾಯಿ ಬರೀ ಗುಂಡನೆಯ ತೂತು, ಅದಕ್ಕೆ ದವಡೆಯೇ ಇಲ್ಲ ಎಂದೆ. ಕಾಫಿ ಆರಿತು, ನಾನು ಆರಲಿಲ್ಲ. ಕೊನೆಗೆ ಹಿರಿಯರು ಕೈಯೆತ್ತಿ ತಡೆದರು.

"ದವಡೆ ಇಲ್ಲ ಅಂದ್ರಾ?"

"ಇಲ್ಲ."

"ಹಂಗಾದ್ರೆ ಮಾತಾಡಾಕೆ ಬರಲ್ಲ?"

"ಬರಲ್ಲ."

ಅವರು ನಮ್ಮತ್ತೆಯ ಕಡೆ ತಿರುಗಿದರು. "ನೀವು ಧೈರ್ಯವಾಗಿರ್ರಿ ತಾಯಿ. ಇವ್ರ ತಲೇಲಿ ಆ ಮೀನು ಇರಾಕೆ ಸಾಧ್ಯಾನೇ ಇಲ್ಲ. ಹುಡುಗೀನ ಕರೀರಿ."

ಅವರ ತರ್ಕದಲ್ಲಿ ದೊಡ್ಡದೊಂದು ವೈಜ್ಞಾನಿಕ ದೋಷವಿತ್ತು. ತಿದ್ದಲೆಂದು ಬಾಯಿ ತೆರೆದೆ. ಅಷ್ಟರಲ್ಲಿ ಸುಮಾ ಹೂವಿನ ತಟ್ಟೆ ಹಿಡಿದು ಹೊರಬಂದಳು, ಹುಡುಗ ಮೊದಲ ಸಲ ನೋಡುವವನಂತೆ ಚೆನ್ನಾಗಿಯೇ ನಟಿಸಿದ. ನಾನು ಹುಟ್ಟಿದಾಗಿನಿಂದ ಮೊದಲ ಬಾರಿಗೆ, ಒಂದು ತಪ್ಪನ್ನು ತಿದ್ದದೆ ಹಾಗೇ ಬಾಯಿ ಮುಚ್ಚಿಕೊಂಡೆ.