ಮಲೇಷ್ಯಾದಲ್ಲಿ ಅಪ್ಪ ಬೇಯಿಸಿದ ನಾಲ್ಕು ಊಟ

ನಮ್ಮನೆಯವರು ಉಣ್ಣೋಕೆ ಕೂತರೆ ಏನಾದರೊಂದು ಆಗದೆ ಏಳೋದಿಲ್ಲ. ಊರಲ್ಲಾದರೆ ಅಕ್ಕಪಕ್ಕದವರು ಎರಡು ದಿನ ನಕ್ಕು ಮರೆಯುತ್ತಾರೆ. ಈ ಸಲ ಸಮುದ್ರ ದಾಟಿ ಹೋಗಿ ಅಲ್ಲೂ ಅದನ್ನೇ ಮಾಡಿಕೊಂಡು ಬಂದೆವು.

ನಮ್ಮದು ಪಿರಿಯಾಪಟ್ಟಣದ ಹಾರನಹಳ್ಳಿ ಕಡೆ ಹೊಗೆಸೊಪ್ಪಿನ ಬೇಸಾಯ. ಹರಾಜು ಮುಗಿದ ಮೇಲೆ ಅಪ್ಪನಿಗೆ ಒಂದ್ಸಲ ವಿಮಾನ ಹತ್ತಬೇಕು ಅನ್ನಿಸಿತು. ಹುಣಸೂರಿನ ಟೂರ್ ಏಜೆಂಟ್ ಮಲೇಷ್ಯಾ ಅಂದ. ಹೋಟೆಲ್ ಅಲ್ಲ, ಇಡೀ ಮನೆಯನ್ನೇ ಕೊಡ್ತಾರೆ, ಪಾತ್ರೆ, ಒಲೆ ಎಲ್ಲಾ ಇರ್ತದೆ, ನಿಮ್ಮ ಊಟ ನೀವೇ ಮಾಡ್ಕೋಬೋದು ಅಂದ. ಅಪ್ಪ ಓಡಿ ಬಂದು ಇದನ್ನು ಹೇಳಿದರೆ, ಸೊಪ್ಪು ಬಿಡಿಸ್ತಾ ಕೂತಿದ್ದ ಅವ್ವ ತಲೆಯನ್ನೂ ಎತ್ತಲಿಲ್ಲ.

“ಅಲ್ಲೂ ಅಡುಗೆಮನೇನೇ ಅಂದ್ರೆ ನಾನ್ಯಾಕೆ ಬರ್ಬೇಕು? ಇಲ್ಲೇ ಒಂದು ಅದೆಯಲ್ಲ.”

ನಾಲ್ಕು ದಿನವೂ ಸಂಜೆ ಊಟ ತಾನೇ ಮಾಡ್ತೀನಿ, ನೀನು ಸೌಟು ಮುಟ್ಟಂಗೇ ಇಲ್ಲ ಅಂತ ಅಪ್ಪ ಅಜ್ಜಿ ಎದುರಿಗೆ ಮಾತು ಕೊಟ್ಟ. ಅವ್ವ ಅಷ್ಟಕ್ಕೇ ಬಿಡಲಿಲ್ಲ. ತಾನು ಒಂದೇ ಒಂದು ಸಲ ಸೌಟು ಹಿಡಿಯೋ ಹಂಗಾದರೂ, ಮುಂದಿನ ಸೀಸನ್ ಪೂರಾ ಆಳುಗಳ ಅಡುಗೆ ಅಪ್ಪನದೇ ಅಂದಳು. ಹೊಗೆಸೊಪ್ಪು ಮುರಿಯೋ ಕಾಲದಲ್ಲಿ ನಮ್ಮನೆಯಲ್ಲಿ ದಿನಕ್ಕೆ ಹನ್ನೆರಡು ಆಳು ಉಣ್ಣುತ್ತಾರೆ, ಒಬ್ಬೊಬ್ಬರಿಗೆ ಎರಡೆರಡು ಮುದ್ದೆ. ಅಪ್ಪನ ಮುಖ ಸಣ್ಣಗಾಯಿತು. ಆದರೆ ಟಿಕೆಟ್ ಮಾಡಿಸಿ ಆಗಿತ್ತು.

ಇಂಗ್ಲಿಷ್ ಬರ್ತದೆ ಅಂತ ನನ್ನನ್ನೂ, ತೀರ್ಪು ಹೇಳೋಕೆ ಅಂತ ಅಜ್ಜಿಯನ್ನೂ ಕರ್ಕೊಂಡು ಹೋದರು. ನನ್ನ ಇಂಗ್ಲಿಷ್ ಮಾರ್ಕ್ಸನ್ನ ನಾನು ಇನ್ನೂ ಮನೆಯಲ್ಲಿ ತೋರಿಸಿರಲಿಲ್ಲ.

೧. ಹಿಟ್ಟಿನ ಕೋಲು

ಮನೆ ಇದ್ದದ್ದು ಇಪ್ಪತ್ಮೂರನೇ ಮಹಡಿ. ರಾಗಿ ಹಿಟ್ಟು ಊರಿಂದಲೇ ಹೊತ್ತಿದ್ದೆವು. ಮುದ್ದೆ ತೊಳಸೋ ಕೋಲನ್ನ ಮಾತ್ರ ವಿಮಾನ ನಿಲ್ದಾಣದಲ್ಲಿ ಕಿತ್ತುಕೊಂಡಿದ್ದರು. ಆ ಮನೇಲಿದ್ದ ಸೌಟುಗಳೆಲ್ಲ ಮಗೂಗೆ ಔಷಧಿ ಕುಡಿಸೋ ಅಷ್ಟು ತೆಳ್ಳಗೆ. ಅಪ್ಪ ಮನೆಯೆಲ್ಲಾ ಹುಡುಕಿ ಕೊನೆಗೆ ಬಟ್ಟೆ ಬೀರುವಿನೊಳಗೆ ಅಡ್ಡ ಹಾಕಿದ್ದ ಮರದ ಕೋಲನ್ನೇ ಕಿತ್ತ. ಅಜ್ಜಿಯ ಸೀರೆಗಳೆಲ್ಲ ನೆಲದ ಮೇಲೆ.

ಪಾತ್ರೆ ನಾನ್‌ಸ್ಟಿಕ್ಕು, ಒಳಗೆಲ್ಲ ಕಪ್ಪಗೆ ಮಿರಿಮಿರಿ ಮಿಂಚುತ್ತಿತ್ತು. ಅಪ್ಪ ಅದನ್ನು ನೆಲಕ್ಕಿಳಿಸಿ, ಎರಡು ಪಾದದ ನಡುವೆ ಒತ್ತಿ ಹಿಡಿದು, ಊರಲ್ಲಿ ಇಪ್ಪತ್ತು ಜನಕ್ಕೆ ತೊಳಸೋ ಹಂಗೆ ತೊಳಸಿದ. ಮುದ್ದೆ ದುಂಡಗೇ ಬಂತು. ಮೈಮೇಲೆಲ್ಲ ಕಪ್ಪು ಚುಕ್ಕೆ. ನಾನು ಪಾತ್ರೆ ಬಗ್ಗಿ ನೋಡಿದೆ. ಒಳಗಿದ್ದ ಕಪ್ಪೆಲ್ಲ ಹೋಗಿ ಬೆಳ್ಳಗೆ ಹೊಳೀತಿತ್ತು.

ನಾವು ಬಾಯಿ ಬಿಡೋ ಹೊತ್ತಿಗೆ ಅಜ್ಜಿ ಅರ್ಧ ಮುದ್ದೆ ನುಂಗಿ ಆಗಿತ್ತು. ಹುಚ್ಚೆಳ್ಳು ಪುಡಿ ಹಾಕಿದ್ದೀಯೇನ್ಲಾ, ಚೆನ್ನಾಗದೆ ಬುಡು ಅಂತ ಇನ್ನೊಂದು ಚೂರು ಮುರಿದುಕೊಂಡಳು. ನಾವು ಮೂವರೂ ನಮ್ಮ ಮುದ್ದೆ ಪಕ್ಕಕ್ಕೆ ಸರಿಸಿದೆವು. ಇವತ್ತಿಗೂ ಅಜ್ಜಿ ಜಗಲಿ ಮೇಲೆ ಕೂತು ಹೇಳೋದು ಒಂದೇ ಮಾತು: ಮಲೇಷ್ಯಾದಲ್ಲಿ ಎಲ್ಲಾ ಚೆಂದ, ಹುಚ್ಚೆಳ್ಳಿಗೆ ಮಾತ್ರ ಘಮ ಇಲ್ಲ.

೨. ಕೂಗದ ಕುಕ್ಕರ್

ಎರಡನೇ ದಿನ ಬೇಳೆ ಸಾರು. ಸೌಟು ಮುಟ್ಟಲ್ಲ, ಬಾಯಿ ಮುಟ್ಟುಗೋಲು ಹಾಕಿಲ್ಲವಲ್ಲ ಅಂತ ಅವ್ವ ಸೋಫಾ ಮೇಲಿಂದಲೇ ನಾಲ್ಕು ವಿಷಲ್ ಅಂದಳು. ಅಪ್ಪ ಕುಕ್ಕರ್ ಇಟ್ಟು ಎದುರಿಗೆ ನಿಂತ. ಅದು ಹೊಸ ನಮೂನೆ ಕುಕ್ಕರು, ಕೂಗೋದೇ ಇಲ್ಲ. ಅಪ್ಪನಿಗೆ ಅದು ಗೊತ್ತಿಲ್ಲ. ಕಿವಿ ಹತ್ತಿರ ತಂದ. ಒಂದ್ಸಲ ತಟ್ಟಿಯೂ ನೋಡಿದ.

ನನಗೆ ನಾಲಿಗೆ ಮಡಚಿ ವಿಷಲ್ ಹೊಡೆಯೋಕೆ ಬರ್ತದೆ. ಬಾಲ್ಕನಿ ಬಾಗಿಲ ಸಂದಿಯಿಂದ ಒಂದು ಉದ್ದ ಬಿಟ್ಟೆ. ಅಪ್ಪ ಬೆರಳು ಮಡಚಿದ. ಹಸಿವಾಗ್ತಿತ್ತು ನೋಡಿ, ಐದು ನಿಮಿಷದೊಳಗೆ ನಾಲ್ಕೂ ಮುಗಿಸಿಬಿಟ್ಟೆ. ಅಪ್ಪ ಠಕ್ಕಂತ ಒಲೆ ಆರಿಸಿದ.

ಬೇಳೆ ತಟ್ಟೆಯಲ್ಲಿ ಗೋಲಿ ಥರ ಓಡಾಡಿತು. ಅವ್ವ ಒಂದು ಕಾಳು ಕಚ್ಚಿ, ಹಲ್ಲು ಮುಟ್ಟಿ ನೋಡಿಕೊಂಡು, ಬಾಳೆಹಣ್ಣು ಸುಲಿದಳು. ಸೌಟಂತೂ ಮುಟ್ಟಲಿಲ್ಲ, ಅಪ್ಪನಿಗೆ ಅಷ್ಟೇ ಸಾಕಾಗಿತ್ತು.

ಮಾರನೇ ದಿನ ರಸ್ತೆ ದಾಟ್ತಿದ್ದಾಗ ಟ್ರಾಫಿಕ್ ಪೊಲೀಸಿನವನು ಸೀಟಿ ಊದಿದ. ಅಪ್ಪ ನಡುರಸ್ತೇಲಿ ನಿಂತು “ಒಂದು” ಅಂದ.

೩. ಗಾಜಿನ ಕಿಟಕಿಯ ಬ್ಯಾರನ್

ಹೊಗೆಸೊಪ್ಪು ಒಣಗಿಸಿ ಹದ ಮಾಡೋ ಬಿಸಿ ಕೋಣೆಗೆ ನಮ್ಮ ಕಡೆ ಬ್ಯಾರನ್ ಅಂತಾರೆ. ಅದರ ಕೆಲಸದಲ್ಲಿ ನಮ್ಮಪ್ಪನನ್ನ ಮೀರಿಸೋರು ಸುತ್ತ ಮೂರು ಹಳ್ಳೀಲಿ ಇಲ್ಲ. ಐದು ದಿನ ಬೆಂಕಿ ಕಾಯಬೇಕು, ಶಾಖ ಸ್ವಲ್ಪ ಸ್ವಲ್ಪವೇ ಏರಿಸಬೇಕು, ಗಾಜಿನ ಕಿಟಕೀಲಿ ಬಗ್ಗಿ ಸೊಪ್ಪಿನ ಬಣ್ಣ ನೋಡ್ತಿರಬೇಕು. ಮೂರನೇ ದಿನ ಅಪ್ಪನ ಕಣ್ಣು ಅಡುಗೆಮನೆಯ ಓವನ್ ಮೇಲೆ ಬಿತ್ತು. ಗಾಜಿನ ಬಾಗಿಲು, ಒಳಗೆ ಲೈಟು, ಶಾಖ ಏರಿಸೋಕೆ ತಿರುಪು.

“ಇದು ನಮ್ಮ ಬ್ಯಾರನ್ನೇ ಕಣ್ಲಾ” ಅಂದ. ಗಾಜಿನ ಬಾಗಿಲನ್ನ ಟವೆಲಿನಲ್ಲಿ ಒರೆಸಿದ.

ಕೋಳಿ ತಂದು ಮಸಾಲೆ ಸವರಿದ. ತುಂಡುಗಳನ್ನು ದಾರದಲ್ಲಿ ಜೋಡಿ ಜೋಡಿಯಾಗಿ, ಸೊಪ್ಪು ಕಟ್ಟೋ ಹಂಗೇ ಕಟ್ಟಿ, ಓವನ್ನಿನ ಕಂಬಿಗೆ ಸಾಲಾಗಿ ನೇತುಹಾಕಿದ. ಮಧ್ಯಾಹ್ನ ಮೂರು ಗಂಟೆಗೆ ನಲವತ್ತು ಡಿಗ್ರಿಗೆ ಇಟ್ಟು ಎದುರಿಗೆ ಕುರ್ಚಿ ಹಾಕಿಕೊಂಡ. ಮೊದಲು ಹಳದಿ ಬರಬೇಕು, ಆಮೇಲೆ ಏರಿಸೋದು ಅಂದ. ನಾಲ್ಕಾಯಿತು, ಐದಾಯಿತು. ಅಜ್ಜಿ ಬಂದು ಬಗ್ಗಿ ನೋಡಿ, ಪಾಪ ಕೋಳಿಗೆ ಬೆಚ್ಚಗಿರಬೇಕು ಅಂದಳು. ಏಳು ಗಂಟೆಗೆ ಅಪ್ಪ ಒಂದು ತುಂಡು ಬಿಚ್ಚಿ, ಬೆರಳಲ್ಲಿ ಉಜ್ಜಿ, ಮೂಸಿ, ಬಣ್ಣ ಹಿಡೀತಾ ಅದೆ ಅಂತ ವಾಪಸ್ ಕಟ್ಟಿದ. ಜೋರಾಗಿ ಉರಿಸಪ್ಪಾ ಅಂದೆ. ಅವಸರ ಮಾಡಿದರೆ ಸೊಪ್ಪು ಕಪ್ಪಾಗ್ತದೆ ಅಂತ ನನಗೇ ಬೈದ.

ಅವ್ವ ಬಿಸ್ಕತ್ತು ಪೊಟ್ಟಣ ಒಡೆಯುತ್ತಾ ನನ್ನ ಕಡೆ ತಿರುಗಿದಳು.

“ನಾಳಿದ್ದು ನಮ್ಮ ವಿಮಾನ. ಅಷ್ಟೊತ್ತಿಗೆ ಬೇಯ್ತದಾ ಕೇಳ್ಲಾ ಮಗಾ.”

೪. ಬನ್ನಿ, ಊಟ ಮಾಡಿ

ಕೊನೇ ದಿನ. ಇದೊಂದು ಊಟ ದಾಟಿದರೆ ಅಪ್ಪ ಗೆದ್ದ ಹಾಗೆ. ಅದಕ್ಕೇ ಯಾವ ಸಾಹಸವೂ ಬೇಡ ಅಂತ ನಾಲ್ಕು ಜನಕ್ಕೆ ಅನ್ನ ಮಾಡಿ, ಮೊಸರು, ಉಪ್ಪಿನಕಾಯಿ ಇಟ್ಟುಕೊಂಡು ಕಾಯ್ತಿದ್ದ. ಏಳು ಗಂಟೆಗೆ ಬೆಲ್ಲಾಯಿತು. ಬಾಗಿಲು ತೆಗೆದರೆ ಹನ್ನೊಂದು ಜನ.

ಇದರ ಹಿಂದೆ ಒಂದು ಸಂಗತಿ ಅದೆ. ನಮ್ಮ ಕಡೆ ಬಾಗಿಲ ಮುಂದೆ ಯಾರೇ ಹಾದು ಹೋದರೂ “ಬನ್ನಿ, ಊಟ ಮಾಡಿ” ಅನ್ನಬೇಕು. ಅವರು “ಈಗ ತಾನೇ ಆಯ್ತು” ಅಂತ ಮುಂದೆ ಹೋಗಬೇಕು. ಕರೆದವನಿಗೂ ಬಡಿಸೋ ಮನಸ್ಸಿಲ್ಲ, ಕರೆಸಿಕೊಂಡವನಿಗೂ ಉಣ್ಣೋ ಮನಸ್ಸಿಲ್ಲ, ಆದರೆ ಅನ್ನದೇ ಇದ್ದರೆ ಆರು ತಿಂಗಳು ಮಾತು ಬಿಡ್ತಾರೆ. ಅಪ್ಪ ಮಲೇಷ್ಯಾದ ಲಿಫ್ಟಿನಲ್ಲೂ ಇದನ್ನು ಬಿಡಲಿಲ್ಲ. ಯಾರು ಹತ್ತಿದರೂ ಕೈ ಬಾಯಿಗೆ ತೋರಿಸಿ ಬನ್ನಿ ಊಟಕ್ಕೆ ಅನ್ನೋದು. ಇಂಗ್ಲಿಷಲ್ಲಿ ಹೇಳೋ ಕೆಲಸ ನನ್ನದು. ಅಪ್ಪ ಹೇಳಿದ್ದನ್ನೇ ಹೇಳಿದೆ. ದಿನ, ಟೈಮು, ಮನೆ ನಂಬರು ಇಲ್ಲದೆ ಕರೆದರೆ ಏನು ಚೆಂದ ಅಂತ ಅಷ್ಟನ್ನು ಮಾತ್ರ ನಾನು ಸೇರಿಸಿದ್ದು.

ಟೈ ಕಟ್ಟಿದ ಒಬ್ಬ ಆಫೀಸಿನವನು, ಚೀನಾ ಕಡೆಯ ಒಬ್ಬ ತಾತ, ಎರಡು ಸಂಸಾರ. ಎಲ್ಲರೂ ಚಪ್ಪಲಿ ಬಿಟ್ಟು, ಕಿತ್ತಳೆ ಹಣ್ಣಿನ ಚೀಲ ಕೊಟ್ಟು, ನಗುತ್ತಾ ಕೂತರು. ಒಬ್ಬರಾದರೂ “ಈಗ ತಾನೇ ಆಯ್ತು” ಅನ್ನಲಿಲ್ಲ.

ಅಪ್ಪ ನನ್ನ ಕಡೆ ನೋಡಿದ. ನಾನು ಫ್ಯಾನು ನೋಡಿದೆ. ಆಮೇಲೆ ಅವ್ವನ ಕಡೆ ನೋಡಿದ. ಬಂದವರು ಉಣ್ಣದೆ ಎದ್ದು ಹೋಗೋದನ್ನ ಅವ್ವ ಸಹಿಸೋಳಲ್ಲ. ಅವಳು ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಅಪ್ಪ ಅವಳ ಹಿಂದೆ ಹಿಂದೆ ಓಡಿ ಪಿಸುಗುಟ್ಟಿದ.

“ಸೌಟೊಂದು ಮುಟ್ಬೇಡ ಕಣೇ. ಹನ್ನೆರಡು ಆಳು ಕಣೇ.”

ಅವ್ವ ಅವನನ್ನ ಪಕ್ಕಕ್ಕೆ ಸರಿಸಿದಳು. ಒಂದು ಕುರ್ಚಿ ಎಳೆದು ಅಡುಗೆಮನೆ ನಡುವೆ ಹಾಕಿ, ಕೈ ಕಟ್ಟಿ ಕೂತಳು. ಆಮೇಲೆ ಒಬ್ಬೊಬ್ಬರನ್ನೇ ಕರೆದಳು. ಅಚ್ಚ ಕನ್ನಡದಲ್ಲಿ.

“ನೀನು ಈರುಳ್ಳಿ ಹೆಚ್ಚವ್ವ. ನೀನು ಕಾಯಿ ತುರಿ. ಏನ್ ನೋಡ್ತೀಯಪ್ಪಾ ಟೈ, ಅಕ್ಕಿ ತೊಳಿ.”

ಒಂದು ಅಕ್ಷರ ಗೊತ್ತಿಲ್ಲದವರಿಗೆ ಎಲ್ಲಾ ಅರ್ಥವಾಯಿತು. ಆಫೀಸಿನವನು ಟೈ ಹೆಗಲ ಮೇಲೆ ಹಾಕ್ಕೊಂಡು ಅಕ್ಕಿ ತೊಳೆದ. ಚೀನಾ ತಾತ ಸುಲಿದ ಬೆಳ್ಳುಳ್ಳೀಲಿ ಸಿಪ್ಪೆ ಅದೆ ಅಂತ ಅವ್ವ ಮೂರು ಸಲ ವಾಪಸ್ ಕಳಿಸಿದಳು. ಅವನು ಮೂರು ಸಲವೂ ತಲೆ ಬಗ್ಗಿಸಿ ಹೋದ. ಒಗ್ಗರಣೆಗೆ ಅಪ್ಪ. ಎಂಟು ಗಂಟೆಗೆಲ್ಲಾ ಬಿಸಿ ಅನ್ನ, ತರಕಾರಿ ಸಾರು, ಹುರುಳಿಕಾಯಿ ಪಲ್ಯ. ಹದಿನೈದು ಜನ ನೆಲದ ಮೇಲೆ ಸಾಲಾಗಿ ಕೂತು ಉಂಡೆವು. ನಾಲ್ಕು ದಿನದಲ್ಲಿ ಊಟ ಅಂತ ಆಗಿದ್ದು ಅದೊಂದೇ. ಅವ್ವ ಸೌಟು ಮುಟ್ಟಲಿಲ್ಲ, ಗೆದ್ದೆ ಹೋಗ್ಲಾ ಅಂತ ಅಜ್ಜಿ ತೀರ್ಪು ಕೊಟ್ಟಳು.

ಗೆದ್ದ ಖುಷೀಲಿ ಅಪ್ಪ ಎಲ್ಲರನ್ನೂ ಬಾಗಿಲ ತನಕ ಕಳಿಸೋಕೆ ಹೋದ. ಹೊರಡೋರಿಗೆ ಅನ್ನೋ ಮಾತನ್ನ ಹಂಗೇ ಅಂದುಬಿಟ್ಟ, ಒಂದ್ಸಲ ನಮ್ಮೂರಿಗೂ ಬನ್ನಿ ಅಂತ. ನಾನು ಇಂಗ್ಲಿಷಲ್ಲಿ ಹೇಳಿದೆ. ಈ ಸಲ ಏನೂ ಸೇರಿಸಲಿಲ್ಲ, ಆಣೆ. ಟೈಯವನು ಫೋನ್ ತೆಗೆದು ಕ್ಯಾಲೆಂಡರ್ ಬಿಚ್ಚಿ ಯಾವ ತಿಂಗಳು ಅಂತ ಕೇಳಿದ. ಹಿಂದೆ ಇದ್ದವರೂ ಒಬ್ಬೊಬ್ಬರಾಗಿ ಫೋನ್ ತೆಗೆದರು.

ಅಪ್ಪ ಬಾಗಿಲು ಹಿಡ್ಕೊಂಡು ಒಳಗೆ ತಿರುಗಿ ನೋಡಿದ. ಒಳಗೆ ಕುರ್ಚಿ ಮೇಲಿಂದ ಅವ್ವ ಹೇಳಿದಳು.

“ಜುಲೈಲಿ ಬರಕ್ಕೆ ಹೇಳ್ಲಾ ಮಗಾ. ಸೊಪ್ಪು ಮುರಿಯಕ್ಕೆ ಹನ್ನೊಂದು ಆಳು ಸಿಕ್ಕಂಗಾಯ್ತು. ಅಡುಗೆನೂ ಅವ್ರೇ ಮಾಡ್ಕೋತಾರೆ.”